ಅಮೃತ ದಂಡನಾಯಕನೇ ಉಳಿ ಹಿಡಿಯಲಿಲ್ಲ

ಅಜ್ಜಂಪುರದಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಷಡ್ಡಕರಿಗೆ ನಿವೃತ್ತಿಯಾದ ಮರುತಿಂಗಳೇ ಯೂಟ್ಯೂಬ್ ಜ್ವರ ಬಂತು. ಇಂಗ್ಲೆಂಡಿನ ಯಾವನೋ ಪುಣ್ಯಾತ್ಮ ಚಡ್ಡಿ ಹಾಕಿಕೊಂಡು, ಒಂದೇ ಬೆಳಗಿನಲ್ಲಿ ಅಡುಗೆಮನೆ ಕಟ್ಟೆ ಕೂರಿಸಿ, ಅದರ ಮೇಲೆ ಟೀ ಕಪ್ಪಿಟ್ಟು ಹಲ್ಲು ಕಿರಿದದ್ದನ್ನು ನೋಡಿದ್ದೇ ತಡ, “ಇಷ್ಟಕ್ಕೆಲ್ಲ ಮೇಸ್ತ್ರಿ ಯಾಕ್ರೀ? ನಾವೇ ಕೂರಿಸೋಣ” ಅಂತ ಶುರುವಿಟ್ಟರು. ನಾವೇ ಅಂದರೆ ಅವರು ಮತ್ತು ನಾನು. ಆ ಪುಣ್ಯಾತ್ಮ ಕೂರಿಸಿದ್ದು ಹಲಗೆ, ನಾವು ಕೂರಿಸಬೇಕಾದದ್ದು ಕಲ್ಲು ಎಂಬ ಅಲ್ಪ ವ್ಯತ್ಯಾಸ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಎಂಟಡಿ ಉದ್ದ, ಎರಡಡಿ ಅಗಲ, 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿ ಹತ್ತಿರ ಹತ್ತಿರ 80 ಕೆಜಿ ತೂಗುತ್ತದೆ. ಷಡ್ಡಕರೋ, ಗ್ಯಾಸ್ ಸಿಲಿಂಡರ್ ಉರುಳಿಸುವ ಮುಂಚೆಯೂ ಸೊಂಟಕ್ಕೆ ಬೆಲ್ಟು ಬಿಗಿಯುವವರು. ಹೈದರಾಲಿ, ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಅವರ ಊರಿನಲ್ಲೇ ಇದೆ, ನಿಜ. ಆದರೆ ಆ ಎತ್ತುಗಳು ಅಡುಗೆಮನೆಯ ಬಾಗಿಲಲ್ಲಿ ಹಿಡಿಸಬೇಕಲ್ಲ!

ಹೊರುವುದಾದರೂ ಆದೀತು. ಸಿಂಕಿಗೆಂದು ಕಲ್ಲಿನ ಹೊಟ್ಟೆಗೆ ಚೌಕ ಕೊಯ್ದ ಮೇಲೆ ಮುಂದುಗಡೆ ನಾಲ್ಕು ಬೆರಳಿನಷ್ಟು ಪಟ್ಟಿ ಉಳಿಯುತ್ತದೆ ನೋಡಿ, ಲಟಕ್ಕನೆ ಮುರಿಯುವುದು ಅಲ್ಲೇ. ಬಲ್ಲ ಮೇಸ್ತ್ರಿ ಚಪ್ಪಡಿಯನ್ನು ಮಲಗಿಸಿ ಹೊರುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಒಯ್ಯುತ್ತಾನೆ. ಚೌಕದ ಮೂಲೆಗಳನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ತಿರುಗಿಸುತ್ತಾನೆ. ಬಿರುಕು ಹುಟ್ಟುವುದು ಚೂಪು ಮೂಲೆಯಿಂದಲೇ ಎಂದು ಅವನಿಗೆ ಗೊತ್ತು. ಇನ್ನು ಗೋಡೆ. ನಮ್ಮ ಕಡೆ ಮೂಲೆಮಟ್ಟ ಇಟ್ಟರೆ ಸರಿಯಾಗಿ ಕೂರುವ ಗೋಡೆ ಇದ್ದರೆ ನನಗೂ ತೋರಿಸಿ, ಕೈ ಮುಗಿಯುತ್ತೇನೆ. ಗೋಡೆಯ ಸೊಟ್ಟಕ್ಕೆ ತಕ್ಕ ಹಾಗೆ ಕಲ್ಲನ್ನೂ ಸೊಟ್ಟಗೆ ಕೊಯ್ದು, ನೋಡುವವರಿಗೆ ಎರಡೂ ನೆಟ್ಟಗೆ ಕಾಣುವಂತೆ ಮಾಡುವುದೇ ವಿದ್ಯೆ. ಅದು ವಿಡಿಯೊದಲ್ಲಿ ಬರುವುದಿಲ್ಲ.

ಕೊಯ್ಯುವಾಗ ಏಳುವ ದೂಳಿನ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಅದರಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಇದು ಇನ್ನೂ ಹೆಚ್ಚು. ಕಟ್ಟೆ ಕೊಯ್ಯುವ ಹುಡುಗರು ಸಿಲಿಕೋಸಿಸ್‌ನಿಂದ ನರಳಿದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ನಮ್ಮ ಮೇಸ್ತ್ರಿಗಳು ಮೂಗಿಗೆ ಟವೆಲ್ ಸುತ್ತಿಕೊಂಡು ಒಣಗಲ್ಲು ಕೊಯ್ಯುತ್ತಾರೆ. ಅವರಿಗೊಂದು ಒಳ್ಳೆಯ ಮಾಸ್ಕ್ ಕೊಡಿಸಿ, ಬ್ಲೇಡಿಗೆ ನೀರು ಬಿಟ್ಟುಕೊಂಡು ಕೊಯ್ಯಿರಿ ಅನ್ನುವುದು ಮನೆ ಯಜಮಾನನ ಕೆಲಸ. ಷಡ್ಡಕರೇ, ನಿಮ್ಮ ಉತ್ಸಾಹವನ್ನು ಅಲ್ಲಿ ತೋರಿಸಿ.

ಇಷ್ಟಾದರೂ ಅವರು ಬಗ್ಗಲಿಲ್ಲ. “ಹಿಂದಿನವರೆಲ್ಲ ತಾವೇ ಮಾಡಿಕೊಳ್ತಿರಲಿಲ್ವಾ?” ಅಂದರು. ಸರಿ, ಹಿಂದಿನವರನ್ನೇ ಕೇಳೋಣ. ತರೀಕೆರೆ ಪಕ್ಕದ ಅಮೃತಾಪುರಕ್ಕೆ ಹೋಗಿ ಬನ್ನಿ. 1196ರಲ್ಲಿ ಅಲ್ಲಿ ಅಮೃತೇಶ್ವರ ಗುಡಿ ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ. ಕೈಯಲ್ಲಿ ಕತ್ತಿ ಇತ್ತು, ಬೆನ್ನಿಗೆ ಸೈನ್ಯ ಇತ್ತು. ಅಷ್ಟಿದ್ದೂ ಉಳಿಯನ್ನು ಶಿಲ್ಪಿ ಮಲ್ಲಿತಮ್ಮನಂಥವರ ಕೈಗೇ ಕೊಟ್ಟ. ಅದೂ ಯಾವ ಕಲ್ಲು? ಬಳಪದ ಕಲ್ಲು, ಗ್ರಾನೈಟಿನ ಮುಂದೆ ಬೆಣ್ಣೆ! ಮಲ್ಲಿತಮ್ಮ ಮುಂದೆ ಸೋಮನಾಥಪುರದಲ್ಲೂ ಕೆತ್ತಿ ಹೆಸರು ಬರೆದ. ನಮ್ಮ ಮೇಸ್ತ್ರಿಗಳು ಹೆಸರು ಬರೆಯುವುದಿಲ್ಲ, ಹಸಿ ಗೋಡೆಯ ಮೇಲೆ ಮೊಬೈಲ್ ನಂಬರ್ ಬರೆಯುತ್ತಾರೆ. ಅಡಿಕೆ ಸುಗ್ಗಿ ಶುರುವಾದರೆ ಆ ನಂಬರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಅಂತೂ ಕಡೂರಿನಲ್ಲಿ ಕಲ್ಲು, ತರೀಕೆರೆಯಿಂದ ಮೇಸ್ತ್ರಿ ಎಂದು ಇತ್ಯರ್ಥವಾಯಿತು. ಅಗ್ಗವೆಂದು ಷಡ್ಡಕರು ಕಡಪ ಕಲ್ಲಿನತ್ತ ಕಣ್ಣು ಹಾಯಿಸಿದ್ದರು. ಅದು ಸುಣ್ಣದ ಅಂಶದ ಕಲ್ಲು ಸ್ವಾಮಿ, ಕೆಳಗಡೆ ಪಾತ್ರೆ ಜೋಡಿಸಲು ಲಾಯಕ್ಕು. ಮೇಲೆ ಹಾಸಿದರೆ ನಿಂಬೆಹಣ್ಣು ಹಿಂಡಿದಲ್ಲೆಲ್ಲ, ಹುಣಸೆಹುಳಿ ಚೆಲ್ಲಿದಲ್ಲೆಲ್ಲ ಹೊಳಪು ಹೋಗುತ್ತದೆ. ಗ್ರಾನೈಟ್ ಅದಕ್ಕೆಲ್ಲ ಜಗ್ಗುವುದಿಲ್ಲ.

ಆದರೆ ಅಸಲು ಪ್ರಶ್ನೆ ಯಾರು ಕೂರಿಸುವುದು ಎಂಬುದಲ್ಲ, ಎಷ್ಟು ಎತ್ತರಕ್ಕೆ ಕೂರಿಸುವುದು ಎಂಬುದು. ಷಡ್ಡಕರು 32 ಇಂಚು ಎಂದರು, ವಿಡಿಯೊದವನು 36 ಎಂದಿದ್ದ, ಮೇಸ್ತ್ರಿ “ಎಲ್ಲಾ ಮನೆಗೂ 33 ಸಾರ್” ಎಂದ. ಮೂವರೂ ಅನ್ನಕ್ಕೆ ನೀರಿಟ್ಟವರಲ್ಲ. ಒಳಗೆ ಐದಡಿ ದಾಟದ ಅತ್ತೆ, ಅಂದರೆ ನನ್ನ ನಾದಿನಿ, ಮತ್ತು ಐದೂವರೆ ಅಡಿಯ ಸೊಸೆ. ಹಳೇ ಮನೆಯ ಕಟ್ಟೆಯಲ್ಲಿ ಸೊಸೆ ಬಗ್ಗಿ ಬಗ್ಗಿ ಬೆನ್ನು ಹಿಡಿಸಿಕೊಂಡಿದ್ದಾಳೆ. ಮೊಣಕೈ ಮಡಚಿ ನಿಂತರೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗಿರಬೇಕು ಕಟ್ಟೆ. ಯಾರ ಮೊಣಕೈ ಎಂಬಲ್ಲಿಗೆ ಹೊಸ ಮನೆಯ ರಾಜಕೀಯ ಆರಂಭ! ಕೊನೆಗೆ ನಾದಿನಿಯೇ ಟೇಪು ಕಿತ್ತುಕೊಂಡು, ಸೊಸೆಯನ್ನು ಗೋಡೆಗೆ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದಳು. “ನಾನು ಇನ್ನು ಕೂತು ತರಕಾರಿ ಹೆಚ್ಚೋಳು. ಒಲೆ ಮುಂದೆ ನಿಲ್ಲೋಳು ಅವಳು.” ಮೇಸ್ತ್ರಿ ಮರುಮಾತಾಡದೆ ಗೆರೆ ಹಿಡಿದ.

ಷಡ್ಡಕರ ಮುಖ ಬಾಡಿದ್ದು ಕಂಡು ಅವನೇ ಒಂದು ಕೆಲಸ ಕೊಟ್ಟಿದ್ದಾನೆ. ಕಟ್ಟೆಯ ಕೆಳಗಿನ ಇಟ್ಟಿಗೆ ಗೋಡೆಗೆ ಒಂದು ವಾರ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕು. ಈಗ ಅವರು ಪೈಪನ್ನು ಹೇಗೆ ಹಿಡಿಯಬೇಕೆಂದು ಯೂಟ್ಯೂಬ್ ನೋಡುತ್ತಿದ್ದಾರೆ.