ನಿರ್ಯಂತ್ರಾನಂದರು

ವಿಲಾಯತಿಗೆ ಹೋಗಿ ವಿದ್ಯೆ ಕಲಿತು ಬರುವವರು ಅಲ್ಲಿಂದ ಏನನ್ನಾದರೂ ಹೊತ್ತು ತರಲೇಬೇಕೆಂಬುದು ನಮ್ಮ ಸಮಾಜದ ಅಲಿಖಿತ ನಿಯಮವಾಗಿತ್ತು. ನನ್ನ ಬಾಲ್ಯದಲ್ಲಿ ಹಾಗೆ ಹಿಂತಿರುಗಿದವರು ಸೂಟುಬೂಟುಗಳನ್ನೂ, ಹೊಗೆಯ ಪೈಪನ್ನೂ, ದೋಸೆಯನ್ನು ಮುಳ್ಳುಚಮಚದಿಂದ ಇರಿಯುವ ಕಲೆಯನ್ನೂ ತಂದರು. ಅವರ ತರುವಾಯದವರು ಟೇಪ್‌ರೆಕಾರ್ಡರು, ಕ್ಯಾಮೆರಾ ಮೊದಲಾದ ಸಲಕರಣೆಗಳನ್ನು ತಂದು ನೆಂಟರಿಷ್ಟರ ಅಸೂಯೆಗೆ ಪಾತ್ರರಾದರು. ಆದರೆ ಇತ್ತೀಚೆಗೆ, ಹೋಗುವಾಗ ಕೈಯಲ್ಲಿದ್ದುದನ್ನೂ ಅಲ್ಲಿಯೇ ತ್ಯಜಿಸಿ, ಬರಿಗೈಯಲ್ಲಿ ಹಿಂತಿರುಗಿ, ಆ ಬರಿಗೈಯನ್ನೇ ಹತ್ತು ಜನಕ್ಕೆ ಕಾಣುವಂತೆ ಎತ್ತಿ ಹಿಡಿಯುವ ನವೀನ ಪಂಥವೊಂದು ಉದಯಿಸಿದೆ. ಈ ಪಂಥದ ಯತಿಯೊಬ್ಬರು ಮೈಸೂರಿನ ನಮ್ಮ ಸರಸ್ವತೀಪುರಂ ಬೀದಿಯವರೇ ಆಗಿದ್ದು, ಇಪ್ಪತ್ತನಾಲ್ಕರ ಎಳೆಯ ಪ್ರಾಯದಲ್ಲಿಯೇ ಸ್ಪರ್ಶಪರದೆಯ ಫೋನನ್ನು ಪರಿತ್ಯಜಿಸಿದ್ದಾರೆ. ತಂದೆತಾಯಿಗಳಿಟ್ಟ ಹೆಸರು ಬೇರೆಯುಂಟು. ಬೀದಿಯ ಹಿರಿಯರು ದಯಪಾಲಿಸಿದ ಆಶ್ರಮನಾಮ ಮಾತ್ರ ನಿರ್ಯಂತ್ರಾನಂದರು.

ಸ್ವಾಮಿಗಳ ಪೂರ್ವಚರಿತ್ರೆಯನ್ನು ಅರಿಯದೆ ಅವರ ವೈರಾಗ್ಯದ ಬೆಲೆ ತಿಳಿಯದು. ಜರ್ಮನಿಯ ಆಖೆನ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅವರು ಆರಿಸಿಕೊಂಡ ವಿಷಯ, ಕಾರ್ಖಾನೆಗಳನ್ನು ಮನುಷ್ಯನ ನೆರವಿಲ್ಲದೆ ನಡೆಸುವ ಸ್ವಯಂಚಾಲನ ಶಾಸ್ತ್ರ. ಈಗಿನ ಪದ್ಧತಿಯಂತೆ, ನಾನು ಯಾರು, ಏಕೆ ಬರುತ್ತಿದ್ದೇನೆ, ಮುಂದೆ ಏನಾಗುವೆನು ಎಂಬ ಪ್ರಶ್ನೆಗಳಿಗೆ, ಎಂದರೆ ಉಪನಿಷತ್ತಿನ ಋಷಿಗಳು ಆಯುಷ್ಯವನ್ನೇ ಸವೆಯಿಸಿದ ಪ್ರಶ್ನೆಗಳಿಗೆ, ಅರ್ಜಿದಾರನು ಎರಡು ಪುಟಗಳೊಳಗೆ ಉತ್ತರ ಬರೆದುಕೊಡಬೇಕಷ್ಟೆ. ಎಸ್‌ಒಪಿ ಎಂದು ಅದಕ್ಕೆ ಹೆಸರು. ಆ ಪತ್ರವು ಇಂಗ್ಲಿಷಿನ ತಿದ್ದುಪಡಿಗಾಗಿ ನನ್ನ ಬಳಿಗೆ ಬಂದಿತ್ತಾದ್ದರಿಂದ ಅದರಲ್ಲಿದ್ದ ಜೀವನಧ್ಯೇಯಗಳನ್ನು ಬಲ್ಲೆ: ಶೈಶವದಿಂದಲೂ ಯಂತ್ರಗಳೇ ತನ್ನ ಪಂಚಪ್ರಾಣವೆಂದೂ, ಏಳನೆಯ ವಯಸ್ಸಿನಲ್ಲಿಯೇ ಮನೆಯ ಮಿಕ್ಸಿಯನ್ನು ಬಿಚ್ಚಿ ಅದರ ಅಂತರಂಗವನ್ನು ಶೋಧಿಸಿದೆನೆಂದೂ, ಹತ್ತು ವರ್ಷಗಳೊಳಗಾಗಿ ಭರತಖಂಡದ ಕಾರ್ಖಾನೆಗಳ ಸ್ವರೂಪವನ್ನೇ ಬದಲಾಯಿಸುವೆನೆಂದೂ ಅಲ್ಲಿ ನಿರೂಪಿತವಾಗಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದಾಗ, ಒಳಗಿನಿಂದ ಕಾಫಿ ತರುತ್ತಿದ್ದ ಅವರ ತಾಯಿ, "ಬಿಚ್ಚಿದ್ದು ನಿಜ ರಾಯರೇ. ಆಮೇಲೆ ಮೂರು ವಾರ ಒರಳುಕಲ್ಲಲ್ಲಿ ಚಟ್ನಿ ರುಬ್ಬಿದ್ದು ನಾನು. ಅದನ್ನೂ ಸೇರಿಸಿ" ಎಂದರು. ಸೇರಿಸಲಿಲ್ಲ, ಸೇರಿಸಬೇಕಾಗಿತ್ತೆಂದು ಈಗ ತೋರುತ್ತದೆ.

ಮಗನ ಧ್ಯೇಯಗಳು ಮಗನವಾದರೂ ಅವುಗಳ ವೆಚ್ಚ ತಂದೆಯದು. ಜೀವನಾಧಾರಕ್ಕೆಂದು ವರ್ಷದ 11,904 ಯೂರೋಗಳನ್ನು ಮುಂಗಡವಾಗಿಯೇ ಖಾತೆಯಲ್ಲಿ ಕಟ್ಟಿ, ತಿಂಗಳಿಗೆ 992ರಂತೆ ಮಾತ್ರ ಬಿಡಿಸಿಕೊಳ್ಳಬೇಕೆಂಬ ಅಲ್ಲಿನ ಸರ್ಕಾರದ ನಿಯಮಕ್ಕೆ ತಲೆಬಾಗಿ, ಅವರು ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಮುರಿದರು. ಉಳಿದುದಕ್ಕೆ ಬ್ಯಾಂಕಿನ ಸಾಲವಾಯಿತು.

ಆಖೆನ್ ನಗರವೇನೋ ಸುಖದ ಊರು. ಹಾಲೆಂಡು ಬೆಲ್ಜಿಯಂಗಳ ಗಡಿಗೆ ತಗುಲಿಕೊಂಡು, ಶಾರ್ಲ್‌ಮೇನ್ ಚಕ್ರವರ್ತಿಯ ಸಿಂಹಾಸನವನ್ನೂ ಗಂಧಕದ ವಾಸನೆಯ ಬಿಸಿನೀರಿನ ಬುಗ್ಗೆಗಳನ್ನೂ ಇಟ್ಟುಕೊಂಡಿರುವ ಆ ಪಟ್ಟಣದಲ್ಲಿ ಪರದೇಶದ ವಿದ್ಯಾರ್ಥಿಗೆ ದುಸ್ಸಹವಾದುದೆಂದರೆ ಭಾನುವಾರ. ಅಂದು ಕಾನೂನಿನ ಪ್ರಕಾರವೇ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಇಂಥದೊಂದು ಶೀತಲವಾದ ಭಾನುವಾರದಂದು, ಹಾಸಿಗೆಯಲ್ಲಿಯೇ ಮಲಗಿ ಫೋನನ್ನು ತೀಡುತ್ತಿದ್ದ ನಮ್ಮ ಹುಡುಗನಿಗೆ, ಆ ಫೋನೇ, ಕಳೆದ ವಾರ ನೀನು ದಿನವೊಂದಕ್ಕೆ ಸರಾಸರಿ ಏಳು ಗಂಟೆ ನನ್ನ ಮುಖವನ್ನು ನೋಡಿರುವೆ ಎಂದು ವರದಿ ಒಪ್ಪಿಸಿತು. ಜ್ಞಾನೋದಯವಾಗುವುದಕ್ಕೆ ಇಷ್ಟು ಸಾಲದೆ? ಮರುದಿನವೇ, 2000ದಲ್ಲಿ ಜನಿಸಿ 2017ರಲ್ಲಿ ಪುನರ್ಜನ್ಮವೆತ್ತಿದ ಕಾರಣ ದ್ವಿಜತ್ವವನ್ನು ಪಡೆದಿರುವ ನೋಕಿಯಾ 3310 ಎಂಬ ಗುಂಡಿಯ ಫೋನು ಅವರ ಕೈಸೇರಿತು. ಕಪ್ಪು ರಟ್ಟಿನ ಪುಸ್ತಕವೊಂದು ಬಂದು, ಅದರಲ್ಲಿ ಹೊಸ ಧ್ಯೇಯಗಳ ಪಟ್ಟಿ ಬೆಳೆಯತೊಡಗಿತು. ಐದು ಗಂಟೆಗೆ ಏಳುವುದು, ಹೇಳಿಕೊಳ್ಳುವಂಥ ನದಿಯಿಲ್ಲದ ಊರಾದ್ದರಿಂದ ಕಾಡಿನ ಅಂಚಿನಲ್ಲಿ ನಡೆಯುವುದು, ಜರ್ಮನ್ ಭಾಷೆಯಲ್ಲಿ ದಿನಚರಿ ಬರೆಯುವುದು ಎಂದು ಮುಂತಾಗಿ ಸಾಗುವ ಆ ಪಟ್ಟಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಧ್ಯೇಯಗಳನ್ನು ಕಡಿಮೆ ಮಾಡಿಕೊಳ್ಳಬೇಕೆಂಬುದು ಅದರಲ್ಲಿ ಹದಿನೇಳನೆಯ ಧ್ಯೇಯ.

ಇನ್ನು, ಪೂರ್ವಾಶ್ರಮದ ಫೋನು ಏನಾಯಿತು? ಸನ್ಯಾಸ ಸ್ವೀಕರಿಸುವವನು ಸರ್ವಸ್ವವನ್ನೂ ಬಿಟ್ಟು ಹೊರಟರೂ ಹೊಟ್ಟೆಯನ್ನು ಬಿಟ್ಟು ಹೊರಡಲಾರನಾಗಿ, ಊರಿನಲ್ಲಿ ಯಾರೋ ಗೃಹಸ್ಥರು ಒಲೆ ಹಚ್ಚಿ, ಅನ್ನ ಬೇಯಿಸಿ, ಬಾಗಿಲು ತೆರೆದಿಟ್ಟುಕೊಂಡು ಕಾದಿರಬೇಕಾಗುತ್ತದೆ. ನಿರ್ಯಂತ್ರಾನಂದರ ವಿಷಯದಲ್ಲಿಯೂ ಈ ಸನಾತನ ವ್ಯವಸ್ಥೆಗೆ ಭಂಗ ಬಂದಿಲ್ಲ. ಆ ಫೋನು ಅದೇ ಕೊಠಡಿಯ ಧಾರವಾಡದ ಹುಡುಗನ ಕಪಾಟಿನಲ್ಲಿ, ಅವನ ಖರ್ಚಿನ ವಿದ್ಯುತ್ತನ್ನು ಕುಡಿಯುತ್ತ, ಜೀವಂತವಾಗಿದೆ. ತಿಂಗಳ ಹಣ ಬಿಡಿಸಲು ಬ್ಯಾಂಕಿನ ಅಪ್ಪಣೆ ಬರುವುದು ಅದಕ್ಕೇ. ಬಸ್ಸು ಎಷ್ಟು ಹೊತ್ತಿಗೆಂದು ನೋಡುವುದಕ್ಕೆ, ನಾಳಿನ ತರಗತಿ ಯಾವ ಕಟ್ಟಡದಲ್ಲೆಂದು ತಿಳಿಯುವುದಕ್ಕೆ, ಮಳೆ ಬರುವುದೋ ಇಲ್ಲವೋ ಎಂಬುದಕ್ಕೆ ಮಾತ್ರ ಧಾರವಾಡದವನ ಸ್ವಂತ ಫೋನು. "ಲೇ ತಮ್ಮಾ, ವೈರಾಗ್ಯ ನಿಂದು, ಬ್ಯಾಟರಿ ಖಾಲಿ ಆಗಾಕತ್ತಿದ್ದು ನಂದು" ಎಂದು ಆತ ಒಮ್ಮೆ ಅಂದನಂತೆ. ಇದನ್ನು ಸ್ವಾಮಿಗಳೇ, ಲೌಕಿಕರ ಅಜ್ಞಾನಕ್ಕೆ ನಿದರ್ಶನವಾಗಿ, ನನಗೆ ಹೇಳಿದರು.

ಆದರೆ ಪರಮಭಿಕ್ಷೆಯನ್ನು ನೀಡುವವರು ಮೈಸೂರಿನಲ್ಲಿದ್ದಾರೆ. ಸಾಲದ ಖಾತೆ ಇಲ್ಲಿಯದಾದ್ದರಿಂದ ಅದರ ಓಟಿಪಿ ತಾಯಿಯ ಫೋನಿಗೆ ಬರುತ್ತದೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ, ಸ್ವಾಮಿಗಳು ದಿನದ ಸಾಧನೆಗಳನ್ನೆಲ್ಲ ಮುಗಿಸಿ, ರಾತ್ರಿ ಒಂಬತ್ತಕ್ಕೆ ಗ್ರಂಥಾಲಯದ ಗಣಕಯಂತ್ರದ ಮುಂದೆ ಕುಳಿತು (ಸಾರ್ವಜನಿಕ ಯಂತ್ರಗಳಿಗೆ ವ್ರತದಲ್ಲಿ ವಿನಾಯಿತಿಯುಂಟು) ಗುಂಡಿಯ ಫೋನಿನಿಂದ ಮನೆಗೆ ಕರೆ ಮಾಡುವಾಗ ಇಲ್ಲಿ ಒಂದೂವರೆ. ಆಕೆ ಧಡಕ್ಕನೆ ಎದ್ದು, ಮಗನಿಗೆ ಏನಾಯಿತೋ ಎಂಬ ಎದೆಬಡಿತವನ್ನು ಅದುಮಿಕೊಂಡು, ದಿಂಬಿನ ಕೆಳಗೆ ಕನ್ನಡಕವನ್ನು ತಡಕುತ್ತಾರೆ, ಕರೆಯನ್ನು ಕಡಿಯದೆಯೇ ಸಂದೇಶವನ್ನು ತೆರೆಯುವ ಕೈಚಳಕವನ್ನು ಅರವತ್ತರ ವಯಸ್ಸಿನಲ್ಲಿ ಸಾಧಿಸಿಕೊಂಡಿದ್ದಾರೆ, ಮಲಗಿರುವ ಗಂಡನಿಗೆ ಎಚ್ಚರವಾಗದಂತೆ ಹಜಾರಕ್ಕೆ ಬಂದು, "ನಾಕು, ಎಂಟು, ಸೊನ್ನೆ... ತಡಿಯೋ, ಆರೋ ಎಂಟೋ ಕಾಣ್ತಿಲ್ಲ" ಎಂದು ಪಿಸುಗುಟ್ಟುತ್ತಿರುವಷ್ಟರಲ್ಲಿ ಅದರ ಅವಧಿ ಮುಗಿದು ಇನ್ನೊಂದು ಬರುತ್ತದೆ. ಮಗನು ಆ ಬಳಿಕ ಎಲೆಕ್ಟ್ರಾನಿಕ್ ಬೆಳಕಿನ ಸೋಂಕಿಲ್ಲದೆ, ಗಾಢವಾಗಿ ನಿದ್ರಿಸುತ್ತಾನೆ. ತಾಯಿ ಹೇಗೂ ಎಚ್ಚರವಾಯಿತೆಂದು, ನಾಲ್ಕು ಗಂಟೆಯವರೆಗೆ ಫೋನಿನಲ್ಲಿ ರಂಗೋಲಿಯ ವಿಡಿಯೋಗಳನ್ನು ನೋಡುತ್ತಾರೆ.

ವ್ರತದಿಂದ ಒಳ್ಳೆಯದೇನೂ ಆಗಿಲ್ಲವೆಂದರೆ ಅನ್ಯಾಯವಾದೀತು. ಕಾಗದಕ್ಕೆ ಇನ್ನೂ ಮರ್ಯಾದೆಯುಳ್ಳ ದೇಶವದು: ಸರ್ಕಾರಿ ಕಚೇರಿಗಳು ಅಂಚೆಯಲ್ಲಿಯೇ ಪತ್ರ ಬರೆಯುತ್ತವೆ, ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಅವು ನಿಮಗೆ ತಲುಪುವುದಿಲ್ಲ. ಆ ಗಾಳಿಯಲ್ಲಿ ಈ ಹುಡುಗನೂ ಮನೆಗೆ ಕಾಗದ ಬರೆಯತೊಡಗಿದ. ದುಂಡಗಿನ, ಸ್ವಲ್ಪ ಒತ್ತಕ್ಷರ ತಪ್ಪಿದ ಕನ್ನಡದಲ್ಲಿ, ಪಕ್ಕದ ಕೊಠಡಿಯ ಮುದುಕಿ, ಕಾಡಿನ ದಾರಿ, ತಾನು ಸುಟ್ಟುಕೊಂಡ ಉಪ್ಪಿಟ್ಟು ಎಲ್ಲವನ್ನೂ ಕುರಿತು ಬರೆದ ಆ ಪತ್ರಗಳನ್ನು ಅವರ ತಂದೆ ಮೂರು ಮೂರು ಬಾರಿ ಓದಿದ್ದಾರೆ. ಮೊದಲು ದಿನಾ ವಿಡಿಯೋದಲ್ಲಿ ಕಾಣಿಸಿಕೊಂಡು "ಊಟ ಆಯ್ತಾ?" "ಆಯ್ತು" ಎಂದು ಮುಗಿಸುತ್ತಿದ್ದವನು ಇಷ್ಟು ಮಾತು ಬಲ್ಲನೆಂದು ಯಾರಿಗೆ ಗೊತ್ತಿತ್ತು!

ರಜೆಯಲ್ಲಿ ಊರಿಗೆ ಚಿತ್ತೈಸಿದಾಗ ಸ್ವಾಮಿಗಳಿಗೂ ನನಗೂ ಶಾಸ್ತ್ರಾರ್ಥ ನಡೆಯಿತು. ಅವರು ಪೂರ್ವಾಚಾರ್ಯರಿಬ್ಬರನ್ನು ಮುಂದಿಟ್ಟರು. ಒಬ್ಬರು, 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡ ಥೋರೋ. ಇನ್ನೊಬ್ಬರು ಗಾಂಧೀಜಿ, 1888ರಲ್ಲಿ ಬ್ಯಾರಿಸ್ಟರಾಗಲೆಂದು ಲಂಡನ್ನಿಗೆ ಹೋಗಿ, ಮೊದಲು 19 ಷಿಲಿಂಗಿನ ಟೋಪಿಗೂ 3 ಪೌಂಡಿನ ಪಿಟೀಲಿಗೂ ಹಣ ಸುರಿದು, ಅನಂತರ ಎಚ್ಚೆತ್ತು, ಒಂದೇ ಕೋಣೆಯಲ್ಲಿ ಓಟ್ಸ್ ಗಂಜಿ ಬೇಯಿಸಿಕೊಂಡು, ಗಾಡಿಯ ಬಾಡಿಗೆ ಉಳಿಸಲು ಮೈಲಿಗಟ್ಟಲೆ ನಡೆದವರು. ಥೋರೋ ಗುಡಿಸಲು ಕಟ್ಟಿದ ನೆಲ ಗೆಳೆಯ ಎಮರ್ಸನ್ನನದೆಂದು ನಾನು ನೆನಪಿಸಿದಾಗ ಅದು ಗೌಣವೆಂಬ ಉತ್ತರ ಬಂತು. ಗಾಂಧೀಜಿಯ ವಿಷಯದಲ್ಲಿ ನಾನು ಬಾಯಿ ತೆರೆಯಲಿಲ್ಲ. ಆದರೆ ಹಣ ಕಳುಹಿಸುತ್ತಿದ್ದ ಅಣ್ಣನ ಹೊರೆ ನೆನಪಾಗಿಯೇ ಅವರು ಕಾಸುಕಾಸಿಗೂ ಲೆಕ್ಕ ಬರೆದಿಟ್ಟರಲ್ಲವೆ? ಕಪ್ಪು ರಟ್ಟಿನ ಪುಸ್ತಕದಲ್ಲಿ ಅಮ್ಮನ ನಿದ್ರೆಗೆಂದು ಅಂಕಣವೊಂದನ್ನು ನಾನಂತೂ ಕಾಣೆ.

ಅದೇ ಸಂಜೆ ದೇವರಾಜ ಮಾರುಕಟ್ಟೆಗೆ ಜೊತೆಯಾಗಿ ಹೋದೆವು. ತಾಯಿಗೆಂದು ಮಲ್ಲಿಗೆ ಕೊಂಡು ಸ್ವಾಮಿಗಳು ಐನೂರರ ನೋಟನ್ನು ನೀಡಿದರು. "ನಲವತ್ರೂಪಾಯ್ಗೆ ಐನೂರಾ? ಚಿಲ್ರೆ ಎಲ್ಲಿ ತರ್ಲಿ? ಸ್ಕ್ಯಾನ್ ಮಾಡಿ ಸ್ವಾಮಿ" ಎಂದು ಹೂವಿನಾಕೆ ಕಪ್ಪು ಚೌಕಗಳ ಹಲಗೆಯನ್ನು ಮುಂದಕ್ಕೆ ತಳ್ಳಿದಳು. ತಾನು ಅಂಥ ಫೋನು ಇಟ್ಟುಕೊಂಡಿಲ್ಲವೆಂದು ಇವರು ಗಂಭೀರವಾಗಿ ಸಾರಲು, ಆಕೆಯ ಮುಖದಲ್ಲಿ ನಿಜವಾದ ಕರುಣೆ ಮೂಡಿತು. "ಅಯ್ಯೋ ಪಾಪ, ಕಳ್ದೋಯ್ತಾ?" ನನ್ನ ಫೋನನ್ನು ನಾನು ತೆಗೆಯಬೇಕಾಯಿತು. ಮನೆಯವರೆಗೂ ಏಕಾಗ್ರತೆಯ ಮೇಲೆ ಪ್ರವಚನವಾಯಿತು. ಆ ನಲವತ್ತು ರೂಪಾಯಿ ಇನ್ನೂ ಬಂದಿಲ್ಲ.

ಹೂವನ್ನು ಮುಡಿದುಕೊಂಡ ತಾಯಿ, ಕಾಫಿಯ ಲೋಟಗಳನ್ನು ನಮ್ಮ ಮುಂದಿಟ್ಟು, ಬಹುದಿನಗಳಿಂದ ಯೋಚಿಸಿದ್ದಂತೆ ಮೆಲ್ಲಗೆ ಹೇಳಿದರು: "ನೀನು ಹೇಳೋದೆಲ್ಲ ಸರಿ ಅನ್ನಿಸ್ತಿದೆ ಕಣೋ. ಬರೋ ಕಾರ್ತಿಕ ಮಾಸ ಪೂರ್ತಿ ನಾನೂ ಫೋನು ಮುಟ್ಟೋದಿಲ್ಲ ಅಂತಿದೀನಿ."

ಸ್ವಾಮಿಗಳ ಕೈಯಲ್ಲಿದ್ದ ಲೋಟ ಅರ್ಧದಲ್ಲಿಯೇ ನಿಂತಿತು. "ಬೇಡಮ್ಮ! ಆಗಲೇ ನನ್ನ ವೀಸಾ ಬೇರೆ ಮುಂದುವರಿಸಬೇಕು, ಬ್ಯಾಂಕಿನ ಕೆಲಸ ಎಷ್ಟಿರುತ್ತೆ! ನೀನೂ ಬಿಟ್ಟುಬಿಟ್ಟರೆ ನಾನು ಬಿಟ್ಟಿರೋದು ಹ್ಯಾಗೆ?"

ಅಷ್ಟರಲ್ಲಿ ಪತ್ರಿಕೆಯ ಹಿಂದಿನಿಂದ ತಂದೆಯ ದನಿ ಕೇಳಿಸಿತು: "ನನ್ನ ನಂಬರು ಕೊಡೋ ಯೋಚನೆ ಇದ್ದರೆ ಈಗಲೇ ಬಿಡು. ನಾನು ಒಂಬತ್ತಕ್ಕೆ ಮಲಗೋನು."