ಒತ್ತಿದವರು ಯಾರು?

ಬೆಳಗಿನ ಕಾಫಿಯ ಜತೆ ಪೇಪರಿನ ವಾಣಿಜ್ಯ ಪುಟ ಓದುವ ಚಟ ನನಗೆ ಅಂಟಿಸಿದವನು ನನ್ನ ಭಾವಮೈದ. ಆ ಪುಟದ ಭಾಷೆಯದೇ ಒಂದು ಸೊಗಸು. ಸೂಚ್ಯಂಕ ಬಿತ್ತೋ, ‘ಮಾರಾಟದ ಒತ್ತಡಕ್ಕೆ ಸಿಲುಕಿ ಕುಸಿತ’. ಎದ್ದಿತೋ, ‘ಖರೀದಿ ಭರಾಟೆಯಿಂದ ಚೇತರಿಕೆ’. ಏಳದೆ ಬೀಳದೆ ಮಗ್ಗುಲಾಗಿ ಮಲಗಿತ್ತೋ, ‘ಹೂಡಿಕೆದಾರರ ಎಚ್ಚರಿಕೆಯ ನಡೆ’. ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ: ‘ಅಲ್ಲಯ್ಯ, ಶುಕ್ರವಾರ ಎಲ್ಲರೂ ಮಾರಿದರಂತಲ್ಲ, ಕೊಂಡವರು ಯಾರು?’

‘ಯಾರೂ ಕೊಳ್ಳಲಿಲ್ಲ ಭಾವ. ಅದಕ್ಕೇ ಬಿದ್ದಿದ್ದು.’

‘ಕೊಳ್ಳುವವನಿಲ್ಲದೆ ಮಾರಾಟವೇ? ಹೆಣ್ಣಿಲ್ಲದೆ ಧಾರೆ ಎರೆದ ಹಾಗಾಯಿತಲ್ಲ!’

ಅವನು ಚಕ್ಕುಲಿ ಮುರಿಯುತ್ತ ಕೂತ. ಷೇರುಪೇಟೆಯವರ ಬಾಯಿ ಮುಚ್ಚಿಸಲು ಇಷ್ಟು ಸಾಕೆಂದು ನನಗೂ ಗೊತ್ತಿರಲಿಲ್ಲ. ಒಂದು ಷೇರು ಮಾರಾಟವಾಯಿತೆಂದರೆ ಅದೇ ಗಳಿಗೆಯಲ್ಲಿ, ಅದೇ ಬೆಲೆಗೆ, ಅದನ್ನು ಇನ್ನೊಬ್ಬ ಕೊಂಡಿದ್ದಾನೆ. ಹತ್ತು ಲಕ್ಷ ಷೇರು ಮಾರಾಟವಾಗಿದ್ದರೆ ಹತ್ತು ಲಕ್ಷವೂ ಖರೀದಿಯಾಗಿದೆ. ಪೈಸೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಹಾಗಿದ್ದ ಮೇಲೆ ಈ ಒತ್ತಡ ಎಲ್ಲಿಂದ ಬಂತು? ನನಗೆ ಗೊತ್ತಿದ್ದ ಒತ್ತಡ ಒಂದೇ, ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಅಳೆಯುವಂಥದು.

ಭಾವಮೈದ ಸೋಲುವವನಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆಯುವ ಹೊತ್ತಿಗೆ ಮೊಬೈಲು ಹಿಡಿದು ಹಾಜರಾದ. ಒಂದು ಷೇರಿನ ‘ಮಾರ್ಕೆಟ್ ಡೆಪ್ತ್’ ತೆರೆದು ತೋರಿಸಿದ. ಎಡಗಡೆ ನೀಲಿಯಲ್ಲಿ ಐದು ಸಾಲು, ಕೊಳ್ಳುತ್ತೇವೆ ಎಂದವರದು. ಬಲಗಡೆ ಕೆಂಪಿನಲ್ಲಿ ಐದು ಸಾಲು, ಮಾರುತ್ತೇವೆ ಎಂದವರದು. ನೀಲಿಯ ತುದಿಯಲ್ಲಿ 412 ರೂಪಾಯಿ 30 ಪೈಸೆ, ಕೆಂಪಿನ ತುದಿಯಲ್ಲಿ 412 ರೂಪಾಯಿ 50 ಪೈಸೆ. ಅಡಿಯಲ್ಲಿ ಒಟ್ಟು ಲೆಕ್ಕ: ಕೊಳ್ಳಲು ನಿಂತ ಷೇರು ಎಂಟು ಲಕ್ಷ, ಮಾರಲು ನಿಂತದ್ದು ಮೂರು ಲಕ್ಷ.

‘ನೋಡಿ ಭಾವ, ಎಂಟಕ್ಕೆ ಮೂರು! ಮೇಲೆ ಹೋಗದೆ ಇನ್ನೆಲ್ಲಿಗೆ ಹೋಗತ್ತೆ?’

ಅದು ಕೆಳಗೆ ಹೋಯಿತು. ಮೇಲೆ ಹೋಗುತ್ತದೆಂದು ನಾನು ಐವತ್ತು ಷೇರು ಕೊಂಡ ಮೇಲೆ ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ 403. ಎಂಟು ಲಕ್ಷದ ಪಟಾಲಂ ಎಲ್ಲಿ ಹೋಯಿತು ಎಂದು ನೋಡಿದರೆ, ಅಲ್ಲೇ ಇದೆ! ಕೆಳಗೆ 395ಕ್ಕೆ, 390ಕ್ಕೆ ಚಾಪೆ ಹಾಸಿಕೊಂಡು ಕೂತಿದೆ.

ಒತ್ತಡ ಎಂದರೇನೆಂದು ನನಗೆ ತಿಳಿದದ್ದು ಮೊಬೈಲಿನಲ್ಲಲ್ಲ, ಕೆ.ಆರ್. ಮಾರ್ಕೆಟ್ಟಿನಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮನೆಯವಳು ಚೀಲ ಕೊಟ್ಟು ಅಟ್ಟಿದ್ದಳು. ಸೇವಂತಿಗೆಯನ್ನು ಮಾರಿನ ಲೆಕ್ಕದಲ್ಲಿ ಮಾರುವ ಹೆಂಗಸಿನ ಮುಂದೆ ಹದಿನೈದಿಪ್ಪತ್ತು ಜನ. ಅವಳು ಮಾರಿಗೆ ನೂರಿಪ್ಪತ್ತು ಅಂದಳು. ‘ಎಂಬತ್ತಕ್ಕೆ ಕೊಡಮ್ಮ’, ‘ತೊಂಬತ್ತು ಮಾಡ್ಕೊ’ ಎಂದು ನಾವೆಲ್ಲ ನಿಂತಲ್ಲೇ ನಿಂತೆವು. ಜನ ಇಷ್ಟಿದ್ದರೂ ಬೆಲೆ ಒಂದು ರೂಪಾಯಿ ಅಲ್ಲಾಡಲಿಲ್ಲ. ಅವಳು ಹೂವಿಗೆ ನೀರು ಚಿಮುಕಿಸುತ್ತ ನಮ್ಮ ಕಡೆ ನೋಡಲೂ ಇಲ್ಲ. ಅಷ್ಟರಲ್ಲಿ ರಸ್ತೆ ನಡುವೆಯೇ ಕಾರು ನಿಲ್ಲಿಸಿದ ಒಬ್ಬ, ಹಿಂದಿನವರ ಹಾರ್ನಿಗೆ ಕಿವಿ ಕೊಡದೆ ಇಳಿದು ಬಂದು, ಬೆಲೆಯನ್ನೂ ಕೇಳದೆ ‘ಆರು ಮಾರು ಕಟ್ಟಮ್ಮ, ಬೇಗ’ ಅಂದ. ಕಟ್ಟಿಕೊಟ್ಟಳು. ತಿರುಗಿ ನಮ್ಮನ್ನು ನೋಡಿ, ‘ನೂರೈವತ್ತು’ ಅಂದಳು.

ಇಪ್ಪತ್ತು ಜನ ಮಾಡದ್ದನ್ನು ಒಬ್ಬ ಮಾಡಿದ. ನಾವು ಇಪ್ಪತ್ತು ಮಂದಿ ಆ ನೀಲಿ ಸಾಲಿನವರು, ಷೇರುಪೇಟೆಯವರು ಲಿಮಿಟ್ ಆರ್ಡರ್ ಅನ್ನುವ ಜಾತಿ. ನಾವು ಹೇಳಿದ ಬೆಲೆಗೆ ಬಂದರೆ ಸರಿ, ಇಲ್ಲದಿದ್ದರೆ ಬಸ್ಸು ಹತ್ತುತ್ತೇವೆ. ಕಾರಿನವನದು ಮಾರ್ಕೆಟ್ ಆರ್ಡರ್. ಎದುರಿನವರು ಹೇಳಿದ ಬೆಲೆಗೇ ಕೈ ಹಾಕಿದ. ಅವನ ಅವಸರವೇ ಒತ್ತಡ. ಹಬ್ಬದ ಮರುದಿನ ಹೋಗಿ ನೋಡಿ, ಅದೇ ಹೆಂಗಸು ‘ಅರವತ್ತಕ್ಕೆ ತಗೊಳ್ಳಣ್ಣ, ಹೋಗ್ಲಿ ನಲವತ್ತು, ಬಾಡ್ಹೋಗತ್ತೆ’ ಎಂದು ಹಿಂದೆ ಬರುತ್ತಾಳೆ. ಎರಡು ದಿನವೂ ಮಾರಿದ ಹೂವೂ ಕೊಂಡ ಹೂವೂ ಸಮಸಮ. ಬಾಡುವ ಭಯ ಯಾರ ಬುಟ್ಟಿಯಲ್ಲಿದೆ ಎನ್ನುವುದು ಮಾತ್ರ ಬೇರೆ.

ಷೇರಿನಲ್ಲೂ ಅಷ್ಟೆ. 412.50ರ ಕಟ್ಟೆಯ ಮೇಲೆ ವ್ಯಾಪಾರ ಮೇಲಿಂದ ಮೇಲೆ ಕುದುರುತ್ತಿದ್ದರೆ ಕೊಳ್ಳುವವನು ಕೆಂಪು ಸಾಲಿನ ಬಾಗಿಲಿಗೆ ತಾನೇ ನಡೆದು ಬರುತ್ತಿದ್ದಾನೆ. 412.30ರಲ್ಲಿ ಕುದುರುತ್ತಿದ್ದರೆ ಮಾರುವವನಿಗೆ ಕಾಲು ಸುಡುತ್ತಿದೆ. 1991ರಲ್ಲಿ ಚಾರ್ಲ್ಸ್ ಲೀ ಮತ್ತು ಮಾರ್ಕ್ ರೆಡಿ ಎಂಬಿಬ್ಬರು ಅಮೆರಿಕದಲ್ಲಿ ಇದನ್ನೇ ಸೂತ್ರವಾಗಿ ಕಟ್ಟಿ ಪ್ರಬಂಧ ಬರೆದರು: ವ್ಯಾಪಾರ ಎರಡು ಬೆಲೆಗಳ ನಟ್ಟನಡುವಿಗಿಂತ ಮೇಲೆ ನಡೆದರೆ ಕೊಳ್ಳುವವನ ಲೆಕ್ಕಕ್ಕೆ, ಕೆಳಗೆ ನಡೆದರೆ ಮಾರುವವನ ಲೆಕ್ಕಕ್ಕೆ, ಸರಿಯಾಗಿ ನಡುವೆಯೇ ನಡೆದರೆ ಹಿಂದಿನ ಬೆಲೆ ನೋಡಿ ತೀರ್ಮಾನಿಸು. ನಮ್ಮ ಹೂವಿನ ಹೆಂಗಸಿಗೆ ಈ ಸೂತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ಭಾವಮೈದನಿಗೆ ಹೇಳಿದರೆ ಅವನ ಮುಂದಿನ ಬಾಣ ಸಿದ್ಧವಿತ್ತು. ‘ಹಾಗಾದ್ರೆ ವಾಲ್ಯೂಮ್ ನೋಡಿ ಭಾವ. ಹಸಿರು ಕಂಬ ಕೊಂಡಿದ್ದು, ಕೆಂಪು ಕಂಬ ಮಾರಿದ್ದು.’ ಈ ಕಂಬಗಳ ವಿಷಯದಲ್ಲಿ ಮೋಸ ಹೋಗದವರಿಲ್ಲ. ಬಣ್ಣ ಹೇಳುವುದು ಬೆಲೆ ಏರಿತೋ ಇಳಿಯಿತೋ ಎಂಬುದನ್ನಷ್ಟೆ. ಕಂಬದೊಳಗೆ ಕೊಂಡವರೂ ಮಾರಿದವರೂ ಒಟ್ಟಿಗೇ ಇರುತ್ತಾರೆ, ಬಿಎಂಟಿಸಿ ಬಸ್ಸಿನ ಬೋರ್ಡಿನ ಬಣ್ಣ ನೋಡಿ ಒಳಗೆ ಕೂತವರ ಜಾತಕ ಹೇಳಲಾದೀತೆ?

ಈ ವಿದ್ಯೆಗೂ ಒಬ್ಬ ಗುರು ಇದ್ದ, ಜೋಸೆಫ್ ಗ್ರಾನ್‌ವಿಲ್. 1963ರಲ್ಲಿ ಆತ ಪುಸ್ತಕ ಬರೆದು ಜನಪ್ರಿಯ ಮಾಡಿದ ಆನ್ ಬ್ಯಾಲೆನ್ಸ್ ವಾಲ್ಯೂಮ್ ಲೆಕ್ಕ ಇಂದಿಗೂ ಎಲ್ಲ ಮೊಬೈಲಿನಲ್ಲಿದೆ. ದಿನದ ಕೊನೆಗೆ ಬೆಲೆ ಐದು ಪೈಸೆ ಏರಿದ್ದರೂ ಇಡೀ ದಿನದ ವಹಿವಾಟನ್ನು ಕೂಡು, ಐದು ಪೈಸೆ ಇಳಿದಿದ್ದರೂ ಇಡಿಯಾಗಿ ಕಳೆ. ಒಂದು ಮಾರ್ಕಿನಲ್ಲಿ ಫೇಲಾದ ಹುಡುಗನನ್ನು ಮನೆಯಿಂದಲೇ ಆಚೆ ಹಾಕಿದ ಹಾಗೆ. ಆದರೂ ಆ ಮಹಾಶಯನಿಗೆ ಒತ್ತಡ ಅಳೆಯುವುದಕ್ಕಿಂತ ಒತ್ತಡ ಹುಟ್ಟಿಸುವುದು ಚೆನ್ನಾಗಿ ಬರುತ್ತಿತ್ತು. 1981ರ ಜನವರಿಯಲ್ಲಿ ತನ್ನ ಚಂದಾದಾರರಿಗೆ ‘ಎಲ್ಲ ಮಾರಿಬಿಡಿ’ ಎಂದು ರಾತ್ರೋರಾತ್ರಿ ಸುದ್ದಿ ಮುಟ್ಟಿಸಿದ. ಮರುದಿನ ನ್ಯೂಯಾರ್ಕಿನ ಪೇಟೆ ತತ್ತರಿಸಿತು. ಮುಂದಿನ ವರ್ಷ ಅದೇ ಪೇಟೆ ಮೇಲೆದ್ದಾಗ ಗುರುಗಳು ಇನ್ನೂ ‘ಮಾರಿ, ಮಾರಿ’ ಎನ್ನುತ್ತಲೇ ಇದ್ದರು.

ಇನ್ನು ವಾಲ್ಯೂಮ್ ಹೆಚ್ಚಿದ್ದರೆ ಒತ್ತಡ ಹೆಚ್ಚು ಎನ್ನುವ ಮಾತೂ ಪೂರ್ತಿ ನಿಜವಲ್ಲ. ಷೇರೊಂದು ಆ ದಿನ ಇಳಿಯಬಹುದಾದ ಕಟ್ಟಕಡೆಯ ಮಿತಿಗೆ, ಅಂದರೆ ಲೋವರ್ ಸರ್ಕ್ಯೂಟಿಗೆ ಬಿದ್ದು ಬೀಗ ಹಾಕಿಕೊಂಡ ದಿನ ನೋಡಿ. ಕೆಂಪು ಸಾಲಿನಲ್ಲಿ ಲಕ್ಷಗಟ್ಟಲೆ ಷೇರು, ನೀಲಿ ಸಾಲಿನಲ್ಲಿ ಸೊನ್ನೆ, ಐದು ಸಾಲೂ ಸೊನ್ನೆ. ವ್ಯಾಪಾರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮಾರಾಟದ ಒತ್ತಡ ಅದಕ್ಕಿಂತ ಅಪ್ಪಟವಾಗಿ ಎಲ್ಲೂ ಸಿಗದು, ಆದರೆ ಮಾರಾಟವೇ ಇಲ್ಲ. 2020ರ ಮಾರ್ಚ್ 23ರಂದು ಇಡೀ ಪೇಟೆಗೇ ಹಾಗಾಯಿತು. ಸೂಚ್ಯಂಕ ಶೇ 10 ಬಿದ್ದದ್ದೇ 45 ನಿಮಿಷ ಬಾಗಿಲು ಹಾಕಿದರು, ತೆರೆದ ಮೇಲೆ ಮತ್ತೆ ಬಿದ್ದು ಸೆನ್ಸೆಕ್ಸ್ ಆ ದಿನ 3,934 ಅಂಶ ಕಳೆದುಕೊಂಡಿತು. ಇದರ ತದ್ವಿರುದ್ಧ 2009ರ ಮೇ 18, ಲೋಕಸಭೆ ಚುನಾವಣೆಯ ಫಲಿತಾಂಶ ಬಂದ ನಂತರದ ಮೊದಲ ಸೋಮವಾರ. ಅಂದು ಪೇಟೆ ಮೇಲ್ಮುಖವಾಗಿ ಬೀಗ ಹಾಕಿಕೊಂಡಿತು, ಕೊಳ್ಳಲು ಕೈತುಂಬ ದುಡ್ಡಿದ್ದವರು ಟೀವಿ ನೋಡುತ್ತ ಕೂತರು.

ಭಾವಮೈದನಿಗೆ ಇನ್ನೊಂದು ಅನುಮಾನ. ‘ಒಂದೊಂದ್ಸಲ ಎಲ್ಲರೂ ಮೇಲಿಂದ ಮೇಲೆ ಮಾರ್ತಾ ಇರ್ತಾರೆ ಭಾವ, ಬೆಲೆ ಮಾತ್ರ ಬೀಳೋದೇ ಇಲ್ಲ. ಯಾಕೆ?’ ಅವನು ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಇದು. ದನದ ಜಾತ್ರೆಗೆ ಹೋದವರಿಗೆ ಉತ್ತರ ಗೊತ್ತು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಪೇಟೆಯಲ್ಲೂ ಟವೆಲಿದೆ. ದೊಡ್ಡ ಆರ್ಡರಿನ ಹತ್ತರಲ್ಲೊಂದು ಪಾಲು ತೋರಿಸಿ ಉಳಿದದ್ದನ್ನು ಮುಚ್ಚಿಡಲು ಎನ್‌ಎಸ್‌ಇಯಲ್ಲಿ ಅವಕಾಶವಿದೆ. ನೀಲಿ ಸಾಲಿನಲ್ಲಿ ಐನೂರು ಷೇರು ಕಾಣುತ್ತದೆ, ಮಾರುವವನು ಐನೂರು ಕೊಡುತ್ತಾನೆ, ಮತ್ತೆ ಐನೂರು ಕಾಣುತ್ತದೆ, ಕೊಡುತ್ತಾನೆ, ಮತ್ತೂ ಐನೂರು. ಮಳೆಗಾಲದ ಬಾವಿಯಂತೆ, ಸೇದಿದಷ್ಟೂ ಇದೆ. ಅಲ್ಲೊಬ್ಬ ತಾಳ್ಮೆಯ ಅಸಾಮಿ ಸದ್ದಿಲ್ಲದೆ ಒಟ್ಟುಮಾಡುತ್ತಿದ್ದಾನೆ.

ಇದ್ದದ್ದನ್ನು ಮುಚ್ಚಿಡುವವರು ಇರುವಂತೆ ಇಲ್ಲದ್ದನ್ನು ತೋರಿಸುವವರೂ ಇದ್ದಾರೆ. ಲಂಡನ್ನಿನ ಹೌನ್ಸ್ಲೋದಲ್ಲಿ ಅಪ್ಪ ಅಮ್ಮನ ಮನೆಯಲ್ಲೇ ಕೂತು ನವಿಂದರ್ ಸಿಂಗ್ ಸರಾವ್ ಎಂಬಾತ ಷಿಕಾಗೋ ಪೇಟೆಗೆ ಭಾರೀ ಮಾರಾಟದ ಆರ್ಡರುಗಳನ್ನು ಹಾಕುತ್ತಿದ್ದ, ವ್ಯಾಪಾರ ಕುದುರುವ ಮೊದಲೇ ಕಿತ್ತುಕೊಳ್ಳುತ್ತಿದ್ದ. ಕೆಂಪು ಸಾಲಿನ ಗುಡ್ಡ ನೋಡಿ ಉಳಿದವರು ಹೆದರಿ ಮಾರಬೇಕು, ಅಷ್ಟೇ ಅದರ ಉದ್ದೇಶ. 2010ರ ಮೇ 6ರಂದು ಅಮೆರಿಕದ ಡೌ ಸೂಚ್ಯಂಕ ನಿಮಿಷಗಳಲ್ಲಿ ಸಾವಿರದ ಹತ್ತಿರ ಅಂಶ ಬಿದ್ದೆದ್ದ ಪ್ರಸಂಗದಲ್ಲಿ ಅವನ ಪಾಲೂ ಇತ್ತೆಂದು ಅಲ್ಲಿನವರು 2015ರಲ್ಲಿ ಹಿಡಿಸಿದರು. ಎಲ್ಲ ಅವನೊಬ್ಬನಿಂದಲೇ ಆಯಿತೇ ಎಂಬ ಜಗಳ ಬೇರೆ. ಅಂಥದೇ ಎಂಟು ಲಕ್ಷದ ನೀಲಿ ಲೆಕ್ಕ ನಂಬಿ ಐವತ್ತು ಷೇರು ಕೊಂಡವನು ನಾನು, ತಪ್ಪು ಹುಡುಕಲು ಹೌನ್ಸ್ಲೋ ತನಕ ಹೋಗಬೇಕಿಲ್ಲ.

ಸಂಜೆ ಪೇಟೆ ಮುಚ್ಚಿದ ಮೇಲೆ ಡೆಲಿವರಿ ಲೆಕ್ಕ ಬರುತ್ತದೆ. ಅದೊಂದನ್ನು ನೋಡಿ ಎಂದು ನಾನೇ ಈಗ ಬೇರೆಯವರಿಗೆ ಹೇಳುತ್ತೇನೆ. ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ನೋಡಿದವರೆಷ್ಟು, ಪೊಟ್ಟಣ ಕಟ್ಟಿಸಿ ಮನೆಗೆ ಒಯ್ದವರೆಷ್ಟು, ಆ ವ್ಯತ್ಯಾಸ. ಬೆಳಿಗ್ಗೆ ಕೊಂಡು ಸಂಜೆ ಮಾರುವ ಇಂಟ್ರಾಡೇ ಮಂದಿ ಸೀರೆ ಬಿಚ್ಚಿಸುವವರು. ಅಂಥವರಲ್ಲಿ ಹತ್ತಕ್ಕೆ ಏಳು ಜನ 2022-23ರಲ್ಲಿ ನಷ್ಟ ಮಾಡಿಕೊಂಡರೆಂದು ಸೆಬಿಯೇ ಅಧ್ಯಯನ ಮಾಡಿ ಹೇಳಿದೆ. ಭಾವಮೈದನಿಗೆ ಇದನ್ನು ಓದಿ ಹೇಳಿದೆ. ‘ಉಳಿದ ಮೂರು ಜನ ನಮ್ಮೋರೇ ಭಾವ’ ಅಂದ.

ಹೋದ ಗುರುವಾರ ಅವನು ಇಂಟ್ರಾಡೇನಲ್ಲಿ ನಲವತ್ತು ಷೇರು ಹಿಡಿದು ಕೂತಿದ್ದ. ಮೂರು ಗಂಟೆಯಾಯಿತು, ಮೂರೂ ಹತ್ತಾಯಿತು. ಬೆಲೆ ಇಳಿಯುತ್ತಿದೆ, ಮಾರದೆ ಇಟ್ಟರೆ ಇನ್ನೈದು ನಿಮಿಷದಲ್ಲಿ ಬ್ರೋಕರನ ಕಂಪ್ಯೂಟರೇ ಮಾರಿಬಿಡುತ್ತದೆ. ಕಾಫಿ ಲೋಟ ಪಕ್ಕಕ್ಕಿಟ್ಟು, ಬೆಲೆ ನೋಡದೆ, ಕಣ್ಣು ಮುಚ್ಚಿ ಒತ್ತಿದ.

ಶುಕ್ರವಾರದ ಪೇಪರಿನಲ್ಲಿ ಬಂದಿತ್ತು: ‘ಕೊನೆಯ ಗಳಿಗೆಯಲ್ಲಿ ಮಾರಾಟದ ಒತ್ತಡ’. ಭಾವಮೈದ ಆ ಸಾಲಿನ ಮೇಲೆ ಬೆರಳಿಟ್ಟು, ನಾಚಿಕೆಯೋ ಹೆಮ್ಮೆಯೋ ತಿಳಿಯದ ದನಿಯಲ್ಲಿ, ‘ಇದರಲ್ಲಿ ನಲವತ್ತು ನಂದು ಭಾವ’ ಅಂದ.