ಪನ್ನೀರುದಾನಿ ಮತ್ತು ಎಂಬತ್ತನೇ ನಂಬರು

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಮುಂದೆ ನಿಂತ ಫೋಟೋ ತರುತ್ತಾರೆ. ನಾನು ತಂದಿದ್ದು ಒಂದೇ ಗಾಜಿನ ಕನ್ನಡಕ. ಸನ್ನಿವೇಲ್‌ನಲ್ಲಿರುವ ತಮ್ಮನ ಮನೆಯ ಹಿತ್ತಲಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. “ದೊಡ್ಡಪ್ಪಾ, ಕ್ಯಾಚ್!” ಎಂದು ಅವನ ಮಗ ಕೂಗಿದ. ಮಾತಿನ ಅರ್ಥ ತಲೆಗೆ ಹೋಗುವುದರೊಳಗೆ ಚೆಂಡು ಮೂಗಿಗೆ ಬಂದಿತ್ತು. ಅದೇನು ನಮ್ಮ ಚೆಂಡಿನ ಹಾಗೆ ಗುಂಡಗಿರುತ್ತದೆಯೇ? ಎರಡೂ ತುದಿ ಚೂಪು, ಗಾಳಿಯಲ್ಲಿ ಗಿರಗಿರನೆ ತಿರುಗಿಕೊಂಡು ಬರುತ್ತದೆ. ಕನ್ನಡಕ ತುಳಸಿ ಕುಂಡದ ಹತ್ತಿರ ಬಿದ್ದು ಒಂದು ಗಾಜು ಒಡೆಯಿತು. ಕಾಫಿ ಮಾತ್ರ ಒಂದು ತೊಟ್ಟೂ ಚೆಲ್ಲಲಿಲ್ಲ. “ಹಿಡೀಬೇಕಾದ್ದು ಬಿಟ್ಟು ಬೇರೆಲ್ಲ ಹಿಡ್ಕೊಂಡಿರ್ತೀರಿ” ಎಂದಳು ಮನೆಯವಳು. ನಮ್ಮ ದಾಂಪತ್ಯದ ಸಾರಾಂಶವನ್ನು ಅವಳು ಇಷ್ಟು ಚುಟುಕಾಗಿ ಹಿಂದೆಂದೂ ಹೇಳಿರಲಿಲ್ಲ.

ಹೊಸ ಕನ್ನಡಕದ ದರ ಕೇಳಿ, ಊರಿಗೆ ಹೋಗಿಯೇ ಮಾಡಿಸಿದರಾಯಿತು ಎಂದುಕೊಂಡೆ. ತಮ್ಮ ಸಮಾಧಾನ ಮಾಡಲು ಬಂದ. “ಅಣ್ಣಾ, ಅದನ್ನ ಹಿಡಿಯೋಕೆ ಜೆರ್ರಿ ರೈಸೇ ಆಗ್ಬೇಕು” ಎಂದು ಬೀರುವಿನಿಂದ ಒಂದು ಕೆಂಪು ಅಂಗಿ ತೆಗೆದ. ಒಗೆದು ಒಗೆದು ಬಣ್ಣ ಹೋಗಿ, ಬೆನ್ನಿನ ಮೇಲಿನ 80 ಎಂಬ ಅಂಕಿ ಬಿರುಕು ಬಿಟ್ಟಿತ್ತು. ಸತ್ಯನಾರಾಯಣ ಪೂಜೆಯ ಮಡಿಪಂಚೆಯನ್ನೂ ಅವನು ಇಷ್ಟು ಜೋಪಾನವಾಗಿ ಮಡಿಸಿಡುವುದಿಲ್ಲ. ಸಂಜೆ ಹಳೆಯ ಪಂದ್ಯಗಳನ್ನು ಟೀವಿಗೆ ಹಾಕಿದ. ಒಂದು ಗಾಜಿನಲ್ಲೇ ನೋಡಲು ಕೂತೆ.

ಈ ಅಮೆರಿಕನ್ ಫುಟ್‌ಬಾಲ್ ಆಟದ ನಿಯಮಗಳು ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ, ಆದರೆ ರಿಸೀವರ್ ಎಂಬವನ ಪಾಡು ಗೊತ್ತಾಯಿತು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ. ಕಾವಲಿನವನನ್ನು ಯಾಮಾರಿಸಿ ದೂರ ಓಡಿ ಅದನ್ನು ಹಿಡಿಯುವವನು ರಿಸೀವರ್. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಎಷ್ಟೇ ಮುದಿಯಾಗಲಿ, ಕ್ರೀಸಿನಲ್ಲಿ ನಿಂತ ಮೇಲೆ ಚೆಂಡು ಅವನ ಕಡೆ ಬಂದೇ ಬರುತ್ತದೆ. ರಿಸೀವರ್‌ಗೆ ಆ ಭರವಸೆ ಇಲ್ಲ. ಇಡೀ ದಿನ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಓಡಿ ನಿಲ್ಲಬಹುದು. ಹಿಡಿದ ಚೆಂಡು ಎಷ್ಟು ಗಜ ಮುಂದೆ ಸಾಗಿತು ಎಂಬುದೇ ಅವನ ಗಳಿಕೆ. ಎಸೆಯುವವನು ಈ ಕಡೆ ನೋಡದಿದ್ದರೆ ಆ ಲೆಕ್ಕ ಸೊನ್ನೆ.

ತಮ್ಮನ ಜೆರ್ರಿ ರೈಸ್ ಅಂಥ ಒಬ್ಬ ರಿಸೀವರ್. ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಮಿಸಿಸಿಪಿ ರಾಜ್ಯದ ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಗಾರೆ ಕೆಲಸದವರು. ಹುಡುಗ ಅಟ್ಟಣಿಗೆಯ ಮೇಲೆ ನಿಂತು, ಒಡಹುಟ್ಟಿದವರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಹಿಡಿಯುತ್ತಿದ್ದನಂತೆ. ಇಟ್ಟಿಗೆ ಹಿಡಿದ ಕೈಗೆ ಚೆಂಡು ಯಾವ ಲೆಕ್ಕ? ಒಮ್ಮೆ ಶಾಲೆ ತಪ್ಪಿಸಿ ನಿಂತಿದ್ದಾಗ ಉಪಪ್ರಾಂಶುಪಾಲರು ಹಿಂದಿನಿಂದ ಬಂದರು. ಹುಡುಗ ಕಿತ್ತ ಓಟ ನೋಡಿ ಅವರು ಏಟಿನ ರುಚಿಯನ್ನೂ ತೋರಿಸಿದರು, ಫುಟ್‌ಬಾಲ್ ಕೋಚ್ ಕಿವಿಗೆ ಸುದ್ದಿಯನ್ನೂ ಮುಟ್ಟಿಸಿದರು. ನಮ್ಮ ಕಾಲದ ಮೇಷ್ಟ್ರುಗಳು ಮೊದಲನೆಯದಕ್ಕೇ ನಿಲ್ಲಿಸುತ್ತಿದ್ದರು. ಕರ್ನಾಟಕ ಎಷ್ಟು ಓಟಗಾರರನ್ನು ಹೀಗೆ ಕಳೆದುಕೊಂಡಿದೆಯೋ!

1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕೋಚ್ ಬಿಲ್ ವಾಲ್ಶ್ ಈ ಹುಡುಗನನ್ನು ಆರಿಸಿಕೊಂಡರು. ಮುಂದಿನದು ಜಗತ್ತಿಗೇ ಗೊತ್ತು: ಅಲ್ಲಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಮೂರು ಗೆಲುವು, ಹನ್ನೆರಡು ಸೀಸನ್‌ಗಳಲ್ಲಿ ತಲಾ ಸಾವಿರ ಗಜಕ್ಕೂ ಮಿಕ್ಕಿದ ಗಳಿಕೆ. ಸೀಸನ್ ಇಲ್ಲದ ತಿಂಗಳುಗಳಲ್ಲಿ ಸ್ಯಾನ್ ಕಾರ್ಲೋಸ್ ಬಳಿಯ ಎಡ್ಜ್‌ವುಡ್ ಪಾರ್ಕಿನ ಎರಡೂವರೆ ಮೈಲಿ ಏರುದಾರಿಯನ್ನು ಓಡಿ ಹತ್ತುತ್ತಿದ್ದರು. ಜೊತೆಗೆ ಬಂದ ಹೊಸಬರು ಅರ್ಧದಲ್ಲೇ ಕೈಚೆಲ್ಲುತ್ತಿದ್ದರಂತೆ. ತಮ್ಮ ನನ್ನನ್ನೂ ಆ ಗುಡ್ಡಕ್ಕೆ ಕರೆದೊಯ್ದ. ಅಲ್ಲಿ ಕಾರು ನಿಲ್ಲಿಸುವ ಜಾಗ ಬಹಳ ಚೆನ್ನಾಗಿದೆ. ಅದರಿಂದ ಮುಂದಕ್ಕೆ ಹೇಗಿದೆ ಎಂಬುದನ್ನು ನೀವು ತಮ್ಮನನ್ನೇ ಕೇಳಬೇಕು.

ಇಲ್ಲಿ ನನ್ನದೇ ಒಂದು ಮಾತು ಹೇಳದಿದ್ದರೆ ರೈಸ್ ಅವರ ಮುಂದಿನ ಕಥೆ ನನಗೆ ಯಾಕೆ ಇಷ್ಟು ತಾಗಿತು ಎಂಬುದು ನಿಮಗೆ ತಿಳಿಯಲಾರದು. ನಮ್ಮ ಕಡೆ ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರದೇ ದರ್ಬಾರು. ತುಪ್ಪ ಬೇಕೆಂದರೂ ಗೋಡಂಬಿ ಬೇಕೆಂದರೂ ಅಡುಗೆ ಭಟ್ಟರು ಅವರ ಮುಂದೆ ಬಂದು ನಿಲ್ಲಬೇಕು. ಆ ಪದವಿಯನ್ನು ನಾನು ಬಹಳ ಕಾಲ ಅನುಭವಿಸಿದೆ. ಗೋಡಂಬಿಯನ್ನು ಎಣಿಸಿ ಕೊಡುತ್ತಾನೆ ಎಂಬ ಅಪವಾದವನ್ನೂ ಹೊತ್ತೆ. ಕೊನೆಗೊಂದು ಮದುವೆಯಲ್ಲಿ ತಂಗಿಯ ಹಿರಿಮಗ ಬಂದು, “ಮಾವ, ಒಳಗೆ ಸೆಕೆ. ನೀವು ಬಾಗಿಲ ಹತ್ರ ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಿ” ಎಂದು ಬೆಳ್ಳಿಯ ಪನ್ನೀರುದಾನಿಯನ್ನು ಕೈಗಿಟ್ಟ. ಗೌರವದ ಕೆಲಸವೇ, ಇಲ್ಲವೆನ್ನಲಾರೆ. ಬಂದವರೆಲ್ಲ ನಕ್ಕು ಮಾತಾಡಿಸುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಯಾರೂ ನನ್ನನ್ನು ಬೈಯುವುದಿಲ್ಲ. ಸಂಕಟ ಇರುವುದೇ ಅಲ್ಲಿ.

ರೈಸ್ ಅವರ ಕೈಗೂ ಪನ್ನೀರುದಾನಿ ಬರುವ ಕಾಲ ಬಂತು. 1997ರ ಮೊದಲ ಪಂದ್ಯದಲ್ಲೇ ಮೊಣಕಾಲು ಕೈಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಹಟ ಮಾಡಿ ಮರಳಿ ಬಂದವರು ಮಂಡಿಚಿಪ್ಪು ಒಡೆದುಕೊಂಡರು. 1998ರಲ್ಲಿ ಮತ್ತೆ ಎದ್ದು ಸಾವಿರ ದಾಟಿದರೂ 1999ರಲ್ಲಿ 830 ಗಜ, 2000ದಲ್ಲಿ 805. ಎಸೆಯುವವರೂ ಬದಲಾಗಿದ್ದರು: ಮೊಂಟಾನಾ ಹೋಗಿ ಸ್ಟೀವ್ ಯಂಗ್, ಯಂಗ್ ಹೋಗಿ ಜೆಫ್ ಗಾರ್ಸಿಯಾ. ಇತ್ತ ಟೆರೆಲ್ ಓವೆನ್ಸ್ ಎಂಬ ಗಟ್ಟಿ ಆಳು ತಂಡದಲ್ಲಿ ಬೆಳೆದಿದ್ದ. ಅವನ ಅಂಗಿಯ ಸಂಖ್ಯೆ 81, ಎಂಬತ್ತರ ಪಕ್ಕದ್ದೇ.

2000ದ ಡಿಸೆಂಬರ್ 17. ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಶಿಕಾಗೊ ಬೇರ್ಸ್ ವಿರುದ್ಧ ಪಂದ್ಯ. ಫಾರ್ಟಿನೈನರ್ಸ್ ಅಂಗಿಯಲ್ಲಿ ರೈಸ್ ಅವರಿಗೆ ತವರಿನ ಕೊನೆಯ ಆಟ ಇದೇ ಎಂದು ಎಲ್ಲರಿಗೂ ಅನಿಸಿತ್ತು. ಜನ ಬಂದಿದ್ದು ಎಂಬತ್ತಕ್ಕೆ ಕೈಬೀಸಿ ಕಳಿಸಲು. ಚೆಂಡು ಮಾತ್ರ ಎಂಬತ್ತೊಂದನ್ನೇ ಹುಡುಕಿಕೊಂಡು ಹೋಯಿತು. ಓವೆನ್ಸ್ ಆ ದಿನ 20 ಕ್ಯಾಚ್ ಹಿಡಿದ, 283 ಗಜ. ಒಂದೇ ಪಂದ್ಯದಲ್ಲಿ 18 ಕ್ಯಾಚ್ ಎಂಬ 1950ರ ದಾಖಲೆ ಬಿತ್ತು. ಬೀಳ್ಕೊಡುಗೆ ಸಮಾರಂಭದಲ್ಲಿ ಪಕ್ಕದ ಕುರ್ಚಿಯವನಿಗೆ ಅಷ್ಟೂ ಹಾರ! ಟೀವಿಯ ಮುಂದೆ ತಮ್ಮ ಇವತ್ತಿಗೂ ಹಲ್ಲು ಕಡಿಯುತ್ತಾನೆ. ಓವೆನ್ಸ್ ಮಾಡಿದ ತಪ್ಪಾದರೂ ಏನು? ಎಸೆದದ್ದನ್ನು ಹಿಡಿದ, ಅಷ್ಟೇ.

ತಂಡದವರನ್ನೂ ಪೂರಾ ದೂರುವ ಹಾಗಿಲ್ಲ. ಅಲ್ಲಿ ಪ್ರತಿ ತಂಡವೂ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಒಂದು ಮಿತಿ ಇದೆ. ದೊಡ್ಡ ಸಂಬಳದ ಹಳಬ ಒಬ್ಬ ಇದ್ದರೆ ನಾಲ್ಕು ಹೊಸಬರಿಗೆ ಜಾಗವಿಲ್ಲ. ಆ ಲೆಕ್ಕ ಹಾಕುವ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ಆಗ ಕೂತಿದ್ದವರು ಅದೇ ಬಿಲ್ ವಾಲ್ಶ್. ಕರೆತಂದ ಕೈಯೇ ಕಳಿಸುವ ಲೆಕ್ಕವನ್ನೂ ಬರೆಯಿತು. 2001ರ ಜೂನಿನಲ್ಲಿ, ಹದಿನಾರು ಸೀಸನ್‌ಗಳ ಮೇಲೆ, ರೈಸ್ ಹೊರಬಿದ್ದರು.

“ಮರ್ಯಾದೆಯಾಗಿ ಆಟ ಬಿಡಬಾರದಿತ್ತೇ?” ಎಂದು ನೀವು ಕೇಳುತ್ತೀರಿ. ಆಗಲೂ ಬಹಳ ಮಂದಿ ಕೇಳಿದರು. ರೈಸ್ ಸೇತುವೆ ದಾಟಿ, ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್ ರೈಡರ್ಸ್ ಸೇರಿಕೊಂಡರು. ಅಲ್ಲೂ ಪಕ್ಕದಲ್ಲಿ 81 ಇತ್ತು. ಆದರೆ ಈ ಎಂಬತ್ತೊಂದು ಟಿಮ್ ಬ್ರೌನ್, ತಾವೇ 35ರ ಹಳೆ ಹುಲಿ. ಎಸೆಯುವ ರಿಚ್ ಗ್ಯಾನನ್ ಈ ಕಡೆಯೂ ನೋಡಿದರು. ಮೊದಲ ವರ್ಷ 1,139 ಗಜ. ಮರುವರ್ಷ, ನಲವತ್ತು ತುಂಬಿದ ಸೀಸನ್‌ನಲ್ಲಿ, 92 ಕ್ಯಾಚ್, 1,211 ಗಜ ಮತ್ತು ಮತ್ತೊಂದು ಸೂಪರ್ ಬೌಲ್. ಅದರಲ್ಲಿ ರೈಡರ್ಸ್ ಹೀನಾಯವಾಗಿ ಸೋತರೂ ರೈಸ್ ಒಂದು ಟಚ್‌ಡೌನ್ ಹೊಡೆದರು. ನಲವತ್ತರಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತರೆ ಏಳಲು ಗೋಡೆ ಹುಡುಕುತ್ತಿದ್ದೆ.

ವಯಸ್ಸು ಯಾರನ್ನೂ ಬಿಡುವುದಿಲ್ಲ, ಸರಿ. 2004ರ ಸೆಪ್ಟೆಂಬರ್ 19ರಂದು ಬಫಲೋ ವಿರುದ್ಧ ಒಂದು ಕ್ಯಾಚೂ ಸಿಗದೆ ರೈಸ್ ಮನೆಗೆ ಹೋದರು. 1985ರಿಂದ ಆಡಿದ ಸತತ 274 ಪಂದ್ಯಗಳಲ್ಲಿ ಹಾಗಾಗಿರಲಿಲ್ಲ. ಆ ಪಂದ್ಯವನ್ನು ರೈಡರ್ಸ್ ಗೆದ್ದರು. ತಂಡಕ್ಕೆ ನೀವು ಬೇಡವಾಗುವುದು ಸೋತಾಗಲ್ಲ, ನಿಮ್ಮ ಹಂಗಿಲ್ಲದೆ ಗೆದ್ದಾಗ. ಆ ಸಾಲಿನ ಆರು ಪಂದ್ಯಗಳಲ್ಲಿ ಸಿಕ್ಕಿದ್ದು ಐದೇ ಕ್ಯಾಚ್. ಅಕ್ಟೋಬರಿನಲ್ಲಿ ಅವರೇ ಕೇಳಿಕೊಂಡು ಸಿಯಾಟಲ್‌ಗೆ ಹೋದರು. ಅಲ್ಲಿ ಎಂಬತ್ತನೇ ಅಂಗಿ ಸ್ಟೀವ್ ಲಾರ್ಜೆಂಟ್ ಎಂಬ ಹಿರಿಯರ ಗೌರವಾರ್ಥ ಮಡಿಸಿಟ್ಟದ್ದು. ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರು. ಡಿಸೆಂಬರಿನ ಒಂದು ಸೋಮವಾರ ರಾತ್ರಿ 42ರ ರೈಸ್ ಡಲ್ಲಾಸ್ ವಿರುದ್ಧ 145 ಗಜ ಗಳಿಸಿದರು. 2005ರಲ್ಲಿ ಡೆನ್ವರ್ ತಂಡ ಕರೆಯಿತು. ಅಲ್ಲಿ 80ಕ್ಕೆ ಬೇರೆ ಯಜಮಾನರಿದ್ದರು, 19 ಹಾಕಿಕೊಂಡರು. ಹಿಂದಿನ ಸಾಲಿನಲ್ಲಿ ಕೂತು ಸರದಿ ಕಾಯಬೇಕೆಂದು ತಿಳಿದಾಗ, ಸೆಪ್ಟೆಂಬರ್ 5ರಂದು, ತಾವೇ ಸಾಕೆಂದರು.

ಮರುವರ್ಷ ಫಾರ್ಟಿನೈನರ್ಸ್ ತಮ್ಮವನಾಗಿಯೇ ನಿವೃತ್ತನಾಗಲಿ ಎಂದು ಒಂದು ದಿನದ ಒಪ್ಪಂದ ಮಾಡಿಕೊಂಡರು. ಬರೆದ ಮೊತ್ತ 19,85,806 ಡಾಲರ್ 49 ಸೆಂಟ್. ತಂಡ ಸೇರಿದ ವರ್ಷ 1985, ಅಂಗಿ 80, ನಿವೃತ್ತಿ ವರ್ಷದ 6, ಕೊನೆಗೆ ತಂಡದ 49. ಎಂಥ ನಾಜೂಕು! ನಿಜವಾಗಿ ಕೊಟ್ಟದ್ದು ಒಂದು ಕಾಸೂ ಇಲ್ಲ.

ನಿವೃತ್ತಿಯ ಬಗ್ಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಸೋಫಾದಲ್ಲಿ ಕೂತಿರುತ್ತಾರೆ. ಹಳಬರು ಬೇಡವಾದರೆ ಬೇಡವೆನ್ನಿ, ಅವರು ಸೇತುವೆ ದಾಟಿ ಹೋಗಲಿ. ಇರಬೇಕೆಂದರೆ ಕೆಲಸ ಕೊಡಿ. ಎರಡೂ ಅಲ್ಲದೆ ಬಾಗಿಲಲ್ಲಿ ಕೂರಿಸಬೇಡಿ. ಯಾವಾಗ ನಿಲ್ಲಿಸಬೇಕು ಎಂಬುದನ್ನು ಓಡುತ್ತಿರುವವರ ಕಾಲಿಗೆ ಬಿಡಿ. ಜೆರ್ರಿ ರೈಸ್ ಒಟ್ಟು ಗಳಿಸಿದ್ದು 22,895 ಗಜ, ಅದನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಅದರಲ್ಲಿ 3,648 ಗಜ ಫಾರ್ಟಿನೈನರ್ಸ್ ಬಾಗಿಲು ಹಾಕಿದ ಮೇಲಿನ ಸಂಪಾದನೆ.